ಮೂರನೇ ದರ್ಜೆಯ ಕಾಲುಗಳು

ಶಿಕಾಗೋ ಪಕ್ಕದ ಓಕ್ ಬ್ರೂಕ್‌ನಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆ. ಫಿಸಿಯೋಥೆರಪಿ ಓದು ಮುಗಿಸುತ್ತಿರುವ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. "ನಸೀಮಾ ಆಂಟಿ, ನೀವು ಪ್ರೊಫೆಷನಲ್ ಫುಟ್‌ಬಾಲ್ ಆಟಗಾರರ ಜೊತೆ ಕೆಲಸ ಮಾಡಿದೀರಂತೆ. ಯಾವ ಟೀಮು?" ಅಂದಳು. ಕಣ್ಣು ಅರಳಿತ್ತು. "ಜಪಾನಿನ ಮೂರನೇ ಡಿವಿಷನ್ನು" ಅಂದೆ. ಅರಳಿದ ಕಣ್ಣು ಹಾಗೇ ಇಳಿದುಹೋಯಿತು. "ಓ, ನೈಸ್" ಅಂದವಳೇ ಇನ್ನೊಂದಿಷ್ಟು ಬಿರಿಯಾನಿ ಹಾಕಿಸಿಕೊಳ್ಳಲು ಎದ್ದು ಹೋದಳು.

ನೈಸ್ ಅಂತೆ ನೈಸ್! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಮೂರನೇ ಡಿವಿಷನ್ನಿನವರು ನನಗೆ ಕಲಿಸಿದ್ದನ್ನು ಯಾವ ಕಾಲೇಜೂ ಕಲಿಸಲಿಲ್ಲ. ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಹುಡುಗಿ ಹೊರಟೇಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಬೇರೆ ಮಕ್ಕಳೂ ಓದಿಕೊಳ್ಳಲಿ. ನನ್ನನ್ನು ಯಾವಾಗ ಸೀನಿಯರ್ ಮಾಡಿದರು, ಯಾವಾಗ ನನಗೇ ಅಂತ ರೂಮು ಕೊಟ್ಟರು ಅನ್ನುವುದೆಲ್ಲ ಇಲ್ಲಿ ಸಿಗುವುದಿಲ್ಲ. ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು?

ನಾನು ಮೈಸೂರಿನ ಮಂಡಿ ಮೊಹಲ್ಲಾದವಳು. ಮದುವೆಯಾಗಿ ಶಿಕಾಗೋಗೆ ಬಂದು, ಇಲ್ಲಿನ ಫಿಸಿಯೋಥೆರಪಿ ಲೈಸೆನ್ಸ್ ಪರೀಕ್ಷೆ ಕಟ್ಟಿ, ಎಲ್ಕ್ ಗ್ರೋವ್ ವಿಲೇಜಿನ ಒಂದು ಚಿಕ್ಕ ಕ್ಲಿನಿಕ್ಕಿಗೆ ಸೇರಿದೆ. ಅಲ್ಲಿಂದಲೇ ರಿಟೈರ್ ಆದೆ. ಹಿಂದುಗಡೆ ಗೋದಾಮು, ಮುಂದುಗಡೆ ಗೋದಾಮು, ತಲೆ ಮೇಲೆ ಓಹೇರ್ ಏರ್‌ಪೋರ್ಟಿಗೆ ಇಳಿಯುವ ವಿಮಾನ. ನಮ್ಮ ಪೇಷೆಂಟುಗಳಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆ ಎತ್ತಿ ಸೊಂಟ ಹಿಡಿಸಿಕೊಂಡವರು, ಟ್ರಕ್ ಓಡಿಸಿ ಕುತ್ತಿಗೆ ಹಿಡಿಸಿಕೊಂಡವರು. ಉಳಿದವರು ಸುತ್ತಮುತ್ತಲ ಜಪಾನಿ ಕಂಪನಿಗಳಲ್ಲಿ ಕೆಲಸ ಮಾಡುವವರು. ಅವರು ಬರುತ್ತಿದ್ದದ್ದು ಕ್ಲಿನಿಕ್ಕಿನ ಯಜಮಾನರಾದ ಮೊರಿಟಾ ಸಾನ್ ಅವರನ್ನು ನಂಬಿ. ಜಪಾನಿಯಲ್ಲಿ 'ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ.

ಮೊರಿಟಾ ಸಾನ್ ಅಮೆರಿಕಕ್ಕೆ ಬರುವ ಮೊದಲು ಜಪಾನಿನ ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಟ್ರೈನರ್ ಆಗಿದ್ದವರು. ಸೇಬು ಬೆಳೆಯುವ ಊರು ಅದು, ಹೆಸರು ಬೇಡ ಬಿಡಿ. ಆ ಕ್ಲಬ್ಬು ಶುರುವಾದದ್ದು ಒಂದು ಕಾರ್ಖಾನೆಯ ಕೆಲಸಗಾರರ ತಂಡವಾಗಿ. ಏಳುತ್ತ ಬೀಳುತ್ತ ಮೂರನೇ ಡಿವಿಷನ್ ಮುಟ್ಟಿತ್ತು. ಅದಕ್ಕೂ ಮೊರಿಟಾ ಅವರಿಗೂ ಹೊಕ್ಕುಳ ಬಳ್ಳಿಯ ಸಂಬಂಧ. ಅಮೆರಿಕದ ಈ ಕಡೆಯಿಂದ ಯಾವ ಹುಡುಗನನ್ನು ಅವರು ತೆಗೆದುಕೊಂಡರೂ ಮೆಡಿಕಲ್ ಚೆಕಪ್ ನಮ್ಮಲ್ಲೇ ಆಗಬೇಕು. ಅಲ್ಲಿನ ಯಾರಿಗಾದರೂ ಗಾಯ ಹಟ ಹಿಡಿದರೆ ಸೀಸನ್ ಮುಗಿದ ಮೇಲೆ ನಮ್ಮ ಹತ್ತಿರವೇ ಕಳಿಸುತ್ತಿದ್ದರು. ಹೀಗೆ ನಾನು ಎಲ್ಕ್ ಗ್ರೋವ್‌ನಲ್ಲಿ ಕೂತು ಜಪಾನಿನ ಕಾಲುಗಳನ್ನು ಹಿಡಿದೆ.

ಅಲ್ಲಿನ ಫುಟ್‌ಬಾಲ್ ಏಣಿ ಇದ್ದ ಹಾಗೆ. ಮೊದಲನೆಯದು, ಎರಡನೆಯದು, ಮೂರನೆಯದು, ಇಷ್ಟು ವೃತ್ತಿಪರ ಲೀಗು. ಅದರ ಕೆಳಗೆ ಕಂಪನಿ ತಂಡಗಳೂ ಹವ್ಯಾಸಿಗಳೂ ಆಡುವ ದೇಶಮಟ್ಟದ ಇನ್ನೊಂದು ಲೀಗು, ಅದರ ಕೆಳಗೆ ಪ್ರಾಂತ್ಯದ ಲೀಗುಗಳು. ಗೆದ್ದರೆ ಒಂದು ಮೆಟ್ಟಿಲು ಮೇಲೆ, ಸೋತರೆ ಒಂದು ಮೆಟ್ಟಿಲು ಕೆಳಗೆ. ಮೂರನೆಯದರ ತಳದಲ್ಲಿರುವವರಿಗೆ ಈಗ ವೃತ್ತಿಪರ ಲೀಗಿನಿಂದಲೇ ಹೊರಬೀಳುವ ಭಯ. ಅಮೆರಿಕದಲ್ಲಿ ಇದೆಲ್ಲ ಇಲ್ಲ. ಇಲ್ಲಿ ತಂಡ ಎಷ್ಟು ಸೋತರೂ ಮುಂದಿನ ವರ್ಷ ಅದೇ ಲೀಗಿನಲ್ಲಿ ಹಾಯಾಗಿ ಕಾಲು ಚಾಚಿಕೊಂಡಿರುತ್ತದೆ. ಅಲ್ಲಿ ತಂಡ ಬಿದ್ದರೆ ಇಡೀ ಊರೇ ಬಿತ್ತು ಅಂತ ಲೆಕ್ಕ. ಇದನ್ನು ಮೊದಲ ಸಲ ಕೇಳಿದಾಗ, ಅಬ್ಬಾ, ಇಷ್ಟೊಂದು ಭಯ ಇಟ್ಟುಕೊಂಡು ಜನ ಹೇಗೆ ಆಡುತ್ತಾರೆ, ಹೇಗೆ ನೋಡುತ್ತಾರೆ ಅಂತ ನನಗೆ ದಿಗಿಲಾಗಿತ್ತು.

ಮೊರಿಟಾ ಜೋರಾಗಿ ಬೈದವರಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಓದಿದ ಕಾಲದಲ್ಲಿ ಐಸೇ ದೇವರು. ಏನೇ ಉಳುಕಿದರೂ ಐಸಿಡು, ಕಟ್ಟು, ಮಲಗಿಸು. ಸೇರಿದ ಹೊಸತರಲ್ಲಿ ಪಾದ ಉಳುಕಿದ ಒಬ್ಬ ಆಟಗಾರನಿಗೆ ಐಸ್ ಕಟ್ಟಿ, ದಿಂಬಿನ ಮೇಲೆ ಕಾಲಿಡಿಸಿ, ರಾಜನ ಹಾಗೆ ಮಲಗಿಸಿದ್ದೆ. ಮೊರಿಟಾ ಬಂದು ನೋಡಿದರು. ಐಸ್ ಬಿಚ್ಚಿದರು, ಹುಡುಗನನ್ನು ಎಬ್ಬಿಸಿ ನಿಲ್ಲಿಸಿದರು, ಅವನ ಕೈ ತಂದು ನನ್ನ ಹೆಗಲ ಮೇಲೆ ಇಟ್ಟು ಹೊರಟುಹೋದರು. ನಡೆಸು ಅಂತ ಅರ್ಥ. ಹುಡುಗ ನನ್ನ ಹೆಗಲು ಹಿಡಿದು ಕುಂಟುತ್ತ ಇಡೀ ಕ್ಲಿನಿಕ್ಕು ಸುತ್ತಿದ. ಗಾಯಕ್ಕೆ ಕೆಲಸ ಕೊಟ್ಟರೇ ಅದು ಗುಣವಾಗುವುದು ಅಂತ ಈಗ ನಿಮಗೆಲ್ಲ ಮೊದಲ ವರ್ಷವೇ ಪಾಠ ಮಾಡುತ್ತಾರೆ. ನನಗೆ ಅದು ಬಂದದ್ದು ಹೆಗಲ ಮೂಲಕ.

ಒಂದು ಚಳಿಗಾಲ ಆ ಕ್ಲಬ್ಬಿನ ಗೋಲ್‌ಕೀಪರ್ ಒಬ್ಬ ಭುಜ ತೋರಿಸಲು ಬಂದ. ಬೆಳಿಗ್ಗೆ ಪ್ರ್ಯಾಕ್ಟೀಸ್, ಮಧ್ಯಾಹ್ನ ಊರಿನ ಬಿಸಿನೀರಿನ ಸ್ನಾನದ ಮನೆಯ ಕೌಂಟರಿನಲ್ಲಿ ಟವೆಲ್ ಕೊಡುವ ಕೆಲಸ. ಅದೂ ವೃತ್ತಿಪರ ಆಟಗಾರ! "ಹಿಂದಿನ ದಿನ ಗೋಲ್ ಬಿಟ್ಟಿದ್ದರೆ ಜನ ಬೈಯಲ್ವಾ?" ಅಂತ ಕೇಳಿದೆ. ಮೊರಿಟಾ ಅನುವಾದ ಮಾಡಿ ಹೇಳಿದರು: "ಬೈತಾರಂತೆ. ಟವೆಲ್ ಇಸ್ಕೊಂಡು ಬೈತಾರಂತೆ. ಆಮೇಲೆ, ಭುಜ ಹೇಗಿದೆ, ಎಷ್ಟು ಎತ್ತೋಕಾಗುತ್ತೆ ಅಂತ ಕೇಳ್ತಾರಂತೆ." ಇವನ ಭುಜದ ವಿಷಯ ಅವರಿಗೆಲ್ಲ ಹೇಗೆ ಗೊತ್ತು ಅಂತ ನಾನು ಯೋಚಿಸಲಿಲ್ಲ. ಸಣ್ಣ ಊರು, ಮಾತು ಹಬ್ಬಿರುತ್ತದೆ ಅಂದುಕೊಂಡು ಸುಮ್ಮನಾದೆ.

ಇನ್ನು ಪ್ರತೀಕನ ವಿಷಯಕ್ಕೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಅವನಿಗೋಸ್ಕರ.

ಪ್ರತೀಕ್ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಬೆಳೆದ ಹುಡುಗ. ತಂದೆ ಬಸವರಾಜ್ ಧಾರವಾಡದವರು, ಕಾರಿನ ಕಂಪನಿಯಲ್ಲಿ ಎಂಜಿನಿಯರ್. ತಾಯಿ ಶೈಲಜಾ ನಮ್ಮ ಮೈಸೂರಿನವರೇ, ಮಕ್ಕಳ ಡಾಕ್ಟರು. ಹುಡುಗ ಕಾಲೇಜಿನಲ್ಲಿ ಚೆನ್ನಾಗಿ ಆಡಿದ, ಆದರೆ ಇಲ್ಲಿನ ಯಾವ ಕ್ಲಬ್ಬೂ ಕರೆಯಲಿಲ್ಲ. ಆ ಸೇಬಿನ ಊರಿನವರು ಕರೆದರು. ಅವರಿಗೆ ಎತ್ತರದ, ತಲೆಯಲ್ಲಿ ಚೆಂಡು ಹೊಡೆಯಬಲ್ಲ ಡಿಫೆಂಡರ್ ಬೇಕಿತ್ತು. ಮೆಡಿಕಲ್ ಚೆಕಪ್ಪಿಗೆ ಅಂತ ಅಪ್ಪ ಅಮ್ಮ ಮಗ ಮೂವರೂ ಮಿಷಿಗನ್ನಿನಿಂದ ಡ್ರೈವ್ ಮಾಡಿಕೊಂಡು ಬಂದರು. ಜೊತೆಗೆ ಡಬ್ಬಿಯಲ್ಲಿ ಪುಳಿಯೋಗರೆ. ನಾನು ಅವನ ಮಂಡಿ ಬಗ್ಗಿಸಿ ನೋಡುತ್ತಿದ್ದರೆ ಶೈಲಜಾ ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

"ನಸೀಮಾ ಅವರೇ, ಎಲ್ಲಾದ್ರೂ ಒಂದು ಸಣ್ಣ ಪ್ರಾಬ್ಲಮ್ ಸಿಗುತ್ತಾ ನೋಡಿ" ಅಂದರು ಮೆಲ್ಲಗೆ.

"ಸಿಕ್ಕಿದ್ರೆ ಇವನನ್ನ ತಗೊಳಲ್ಲ."

"ಅದಕ್ಕೇ ಹೇಳ್ತಿರೋದು!"

ಒಂದೂ ಸಿಗಲಿಲ್ಲ. ಕುದುರೆಯ ಹಾಗಿದ್ದ. ಹೊರಡುವಾಗ ಶೈಲಜಾ ಪಾರ್ಕಿಂಗ್ ಲಾಟಿನಲ್ಲೇ ಮಗನಿಗೆ ಷರತ್ತು ಹಾಕಿದರು. ಈ ಕಾಂಟ್ರ್ಯಾಕ್ಟು ಎಷ್ಟು ವರ್ಷವೋ ಅಷ್ಟೇ. ಮುಗಿದ ಮೇಲೆ ಅವರೇ ಮತ್ತೆ ಕರೆದರೆ ನೋಡೋಣ, ಕರೆಯದಿದ್ದರೆ ಬೂಟು ಬಿಚ್ಚಿಟ್ಟು ಲಾ ಸ್ಕೂಲಿಗೆ ಅಪ್ಲೈ ಮಾಡಬೇಕು. "ಡೀಲ್, ಅಮ್ಮ" ಅಂದ ಪ್ರತೀಕ್. ಮೂರನೇ ಡಿವಿಷನ್ನಿನವರು ಇವನನ್ನು ಎರಡನೇ ಸಲ ಕರೆಯುವುದುಂಟೇ ಅಂತ ಅವರಿಗೆ ಧೈರ್ಯ.

ಹುಡುಗ ಅಲ್ಲಿ ನೆಲೆಯೂರಿದ. ಜಪಾನಿ ಕಲಿತ. ಊರಿನವರು ಅವನನ್ನು 'ಪುರಾತೀಕು' ಅಂತ ಕರೆಯುತ್ತಿದ್ದರು, ಅವನಿಗೇ ಅಂತ ಒಂದು ಹಾಡೂ ಕಟ್ಟಿದ್ದರು. ಕಾಂಟ್ರ್ಯಾಕ್ಟಿನ ಕೊನೆಯ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೊರಿಟಾ ನನ್ನ ರೂಮಿಗೆ ಬಂದು ಬಾಗಿಲು ಹಾಕಿಕೊಂಡರು. "ಪ್ರತೀಕ್. ಅಕಿಲಿಸ್. ಪೂರ್ತಿ ಹರಿದಿದೆ" ಅಂದರು.

ಅಕಿಲಿಸ್ ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ. ಹರಿದಾಗ ಯಾರೋ ಹಿಂದಿನಿಂದ ಒದ್ದ ಹಾಗಾಗುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಡಿಫೆಂಡರ್ ಅಂದರೆ ನೆಗೆಯುವುದೇ ಕಸುಬು, ನೆಗೆತ ಬರುವುದೇ ಅಲ್ಲಿಂದ.

ಅದೇ ದಿನ ಶೈಲಜಾ ಫೋನ್ ಮಾಡಬೇಕೇ! ಅವರಿಗೆ ಬೇಕಾಗಿದ್ದದ್ದು ಶಿಕಾಗೋದಲ್ಲಿ ಒಳ್ಳೆಯ ಕೇಟರರ್ ಹೆಸರು, ಅಷ್ಟೇ. ಕೊನೆಗೆ "ಪ್ರತೀಕ್ ಯಾಕೋ ಫೋನ್ ಎತ್ತುತ್ತಿಲ್ಲ, ಏನಾದ್ರೂ ಗೊತ್ತಾ?" ಅಂದರು. ಈ ದೇಶದ ಕಾನೂನು ಗೊತ್ತಲ್ಲ: ರೋಗಿಯ ಮೈಯ ವಿಷಯ ರೋಗಿ ಒಪ್ಪದೆ ನಮ್ಮ ಬಾಯಿಂದ ಆಚೆ ಬೀಳಬಾರದು, ಹೆತ್ತ ತಾಯಿಯಾದರೂ ಅಷ್ಟೇ. ನಾನು ಕೇಟರರ್ ಹೆಸರು ಮಾತ್ರ ಹೇಳಿದೆ. ಇವತ್ತು ಕೇಳಿದರೂ ಅಷ್ಟೇ ಹೇಳುತ್ತೇನೆ.

ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ಎತ್ತಿದರೆ ಆ ಕಡೆ ಶೈಲಜಾ ಅಲ್ಲ, ಜ್ವಾಲಾಮುಖಿ.

"ನಿಮಗೆ ಗೊತ್ತಿತ್ತಾ?"

"ಏನು?"

"ಏನು ಅಂತೀರಲ್ಲಾ! ಕ್ಲಬ್ಬಿನ ವೆಬ್‌ಸೈಟಲ್ಲಿ ಹಾಕಿದಾರೆ! ಟ್ರಾನ್ಸ್‌ಲೇಟ್ ಮಾಡಿ ಓದಿದೆ. ನನ್ನ ಮಗನ ಹೆಸರು, ಎಡಗಾಲು, ಅಕಿಲಿಸ್ ಹರಿದಿದೆ, ಪ್ರ್ಯಾಕ್ಟೀಸಲ್ಲಿ ಆಯ್ತು, ಆಪರೇಷನ್ ಆಯ್ತು, ಗುಣ ಆಗೋಕೆ ಎಷ್ಟು ತಿಂಗಳು, ಎಲ್ಲಾ! ಇಡೀ ಜಪಾನಿಗೆ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ! ನೀವೂ ಮೈಸೂರಿನವರಾಗಿ ಹೀಗೆ ಮಾಡೋದಾ?"

ಅಮ್ಮ ಹೆದರಿಕೊಳ್ಳುತ್ತಾಳೆ ಅಂತ ಮಗ ಹೇಳಿರಲಿಲ್ಲ. ನಾನು ಕಾನೂನು ಅಂದೆ. "ಕಾನೂನು ನಿಮ್ಮ ತಲೆ" ಅಂತ ಫೋನಿಟ್ಟರು. ಅವರ ಮೇಲೆ ನನಗೆ ಕೋಪ ಬರಲಿಲ್ಲ, ಬಂದದ್ದು ಕ್ಲಬ್ಬಿನ ಮೇಲೆ. ಕಾಂಟ್ರ್ಯಾಕ್ಟು ಮುಗಿಯುವ ವರ್ಷ, ಕಾಲು ಹರಿದಿದೆ ಅಂತ ಡಂಗುರ ಸಾರಿಬಿಟ್ಟರೆ ಬೇರೆ ಯಾವ ಕ್ಲಬ್ಬು ಈ ಹುಡುಗನನ್ನು ಮೂಸುತ್ತದೆ? ದಡದಡ ಮೊರಿಟಾ ಅವರ ರೂಮಿಗೆ ಹೋದೆ. ಯಜಮಾನರು ಅನ್ನುವುದೂ ಮರೆತುಹೋಗಿತ್ತು.

"ಇದೇನು ಸಾರ್ ಇದು? ಹುಡುಗನ ಕಾಲನ್ನ ಊರ ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಕಟ್ಟಿದಾರಲ್ಲ!"

ನಾನು ಆಡಿದ್ದು ಇಂಗ್ಲಿಷ್, ಅವರು ಆಡಿದ್ದೂ ಇಂಗ್ಲಿಷೇ. ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊರಿಟಾ ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲರಿಗೂ ಹಾಗೇ ಹಾಕ್ತಾರೆ, ನಸೀಮಾ. ಮೊದಲನೇ ಡಿವಿಷನ್ನಿಂದ ಕೆಳಗಿನ ತನಕ ಅದೇ ಪದ್ಧತಿ. ಶನಿವಾರ ಜನ ಮೈದಾನಕ್ಕೆ ಬರ್ತಾರೆ. ಅವನ ನಂಬರಿನ ಶರ್ಟು ಹಾಕ್ಕೊಂಡು ಬರ್ತಾರೆ. ಅವನು ಕಾಣದೇ ಇದ್ದರೆ ಹುಡುಕ್ತಾರೆ. ಹುಡುಕುವವರಿಗೆ ಉತ್ತರ ಕೊಡಬೇಕೋ ಬೇಡವೋ?"

"ಅವನಿಗೆ ಮುಂದೆ ಕೆಲಸ ಸಿಗದಿದ್ರೆ?"

"ಅದೂ ಹೌದು" ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು.

ಚಳಿ ಶುರುವಾಗುವ ಹೊತ್ತಿಗೆ ಕ್ಲಬ್ಬಿನವರು ಮೊರಿಟಾ ಅವರ ಮಾತಿನ ಮೇಲೆ ಪ್ರತೀಕನನ್ನು ನಮ್ಮಲ್ಲಿಗೆ ಕಳಿಸಿದರು. ಓಕ್ ಬ್ರೂಕ್‌ನಲ್ಲಿ ಅವನ ಚಿಕ್ಕಮ್ಮನ ಮನೆಯ ಬೇಸ್‌ಮೆಂಟಿನಲ್ಲಿ ಉಳಿದುಕೊಂಡ. ಮೊದಲ ದಿನ ಮುಖ ಗಂಟು ಹಾಕಿಕೊಂಡೇ ಬಂದ. ಕಾಲು ನೋಡಿದೆ. ಕುದುರೆಯಂಥ ಹುಡುಗನ ಎಡ ಮೀನಖಂಡ ಕೋಳಿಕಾಲಿನ ಹಾಗಾಗಿತ್ತು.

"ಎವ್ರಿವನ್ ನೋಸ್, ಆಂಟಿ" ಅಂದ. "ಸೂಪರ್ ಮಾರ್ಕೆಟಲ್ಲಿ ಟೊಫು ಮಾರೋ ಅಜ್ಜಿ ಕೂಡ ಕಾಲು ನೋಡಿ ತಲೆ ಆಡಿಸ್ತಾಳೆ. ಐ ಹೇಟೆಡ್ ಇಟ್."

"ಹಾಗಾದ್ರೆ ಕಾಲು ಸರಿಮಾಡ್ಕೊಂಡು ಹೋಗಿ ಅಜ್ಜಿಗೆ ತೋರಿಸು. ಏಳು ಮೇಲೆ."

ಅಕಿಲಿಸ್ ಹರಿದವರಿಗೆ ಕೊನೆಯ ಪರೀಕ್ಷೆ ಒಂದೇ: ಆ ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತುವುದು. ಮಗುವಿಗೂ ಬರುವ ಕೆಲಸ. ಪ್ರತೀಕನಿಗೆ ಬರಲಿಲ್ಲ. ಗೋಡೆ ಹಿಡಿದು, ಹಲ್ಲು ಕಚ್ಚಿ, ಬೆವರು ಸುರಿಸಿದರೂ ಹಿಮ್ಮಡಿ ನೆಲ ಬಿಟ್ಟು ಏಳುತ್ತಿರಲಿಲ್ಲ. ದಿನಾ ಬರುತ್ತಿದ್ದ, ದಿನಾ ಸೋಲುತ್ತಿದ್ದ. ಬೇಸರ ಹತ್ತಿದ ದಿನ ನನ್ನ ಮೇಲೆ ರೇಗುತ್ತಿದ್ದ, ನಾನೂ ಬಿಡದೆ ರೇಗುತ್ತಿದ್ದೆ. ಮಕ್ಕಳೇ, ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ: ನಮ್ಮ ಕೆಲಸದಲ್ಲಿ ಕೈ ಚಳಕ ಸ್ವಲ್ಪ, ಜಗಳವೇ ಜಾಸ್ತಿ. ಜಗಳ ಆಡಲು ಶಕ್ತಿಯಿರುವ ಪೇಷೆಂಟು ಗುಣವಾಗುತ್ತಾನೆ. ಸುಮ್ಮನೆ ತಲೆಯಾಡಿಸುವವನ ಬಗ್ಗೆ ಹುಷಾರಾಗಿರಿ.

ಆ ನಡುವೆ ಶೈಲಜಾ ನನ್ನ ಜೊತೆ ರಾಜಿಯಾದರು. ರಾಜಿ ಅಂದರೆ, ಒಂದು ಭಾನುವಾರ ಮಗನಿಗೆ ಚಪಾತಿ ತಂದವರು ನನಗೂ ಒಂದು ಕಟ್ಟು ಕೊಟ್ಟರು. ಅವರಲ್ಲಿ ಏನೋ ಬದಲಾಗಿತ್ತು. ಮಗನ ಗಾಯದ ಪ್ರಕಟಣೆ ಓದಿದ ದಿನದಿಂದ ಅವರಿಗೆ ಆ ವೆಬ್‌ಸೈಟಿನ ಚಟ ಹತ್ತಿತ್ತು. ತಮ್ಮ ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಇಂಜೆಕ್ಷನ್ ಕೊಡುವ ನಡುವೆ ಫೋನ್ ತೆಗೆದು ನೋಡುತ್ತಿದ್ದರಂತೆ. ಯಾರಿಗೆ ಮಂಡಿ, ಯಾರಿಗೆ ತೊಡೆ, ಯಾರು ಗುಣವಾಗಿ ಬಂದರು, ಎಲ್ಲ ಬಾಯಿಪಾಠ. "ಆ ಗೋಲ್‌ಕೀಪರ್ ಭುಜ ಪಾಪ ಇನ್ನೂ ಪೂರ್ತಿ ಸರಿಹೋಗಿಲ್ಲ, ಹಾಗೇ ಆಡ್ತಿದಾನೆ ಕಣ್ರೀ" ಅಂತ ನನಗೇ ಹೇಳುತ್ತಿದ್ದರು. ಅಭಿಮಾನಿಗಳು ಬರೆದದ್ದನ್ನೂ ಓದುತ್ತಿದ್ದರು. ಯಾರೋ ಒಬ್ಬರು, ನನಗೂ ಅಕಿಲಿಸ್ ಹರಿದಿತ್ತು, ಮೆಟ್ಟಿಲು ಇಳಿಯುವಾಗ ಹುಷಾರು ಅಂತ ಪುರಾತೀಕುಗೆ ಹೇಳಿ ಅಂತ ಬರೆದಿದ್ದರಂತೆ.

"ನಾನು ಡಾಕ್ಟರ್ ಆಗಿ ಅದನ್ನ ಅವನಿಗೆ ಹೇಳಿರಲಿಲ್ಲ, ನಸೀಮಾ" ಅಂದರು.

ನವೆಂಬರ್ ಕೊನೆಗೆ ಲೀಗಿನ ಕಡೇ ಪಂದ್ಯ ಬಂತು. ಗೆದ್ದರೆ ಕ್ಲಬ್ಬು ಮೂರನೇ ಡಿವಿಷನ್ನಿನಲ್ಲಿ ಉಳಿಯುತ್ತದೆ, ಸೋತರೆ ಅದರ ಕೆಳಗಿನ ಲೀಗಿಗೆ ಬೀಳುತ್ತದೆ. ಬಿದ್ದ ಕ್ಲಬ್ಬು ಅರ್ಧಕ್ಕರ್ಧ ಆಟಗಾರರನ್ನು ಕಳಿಸಿಬಿಡುವುದು ಮಾಮೂಲು. ಕಾಲು ಮುರುಕ ವಿದೇಶಿ ಹುಡುಗನನ್ನು ಉಳಿಸಿಕೊಳ್ಳುವವರು ಯಾರು? ಸೋತರೆ ಪ್ರತೀಕನ ಫುಟ್‌ಬಾಲ್ ಮುಗಿದ ಹಾಗೇ ಅಂತ ನಮಗೆಲ್ಲ ಗೊತ್ತಿತ್ತು. ಜಪಾನಿನ ಮಧ್ಯಾಹ್ನ ಅಂದರೆ ನಮಗೆ ನಿದ್ದೆಯ ಹೊತ್ತು. ಅದಕ್ಕೆ ಮೊರಿಟಾ ಅವರ ಕ್ಲಿನಿಕ್ಕಿನಲ್ಲಿ ಒಂದು ನೇಮವಿತ್ತು: ಫಲಿತಾಂಶ ನೋಡಿಕೊಳ್ಳುವ ಹಾಗಿಲ್ಲ, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂತು ರೆಕಾರ್ಡಿಂಗ್ ನೋಡಬೇಕು. ಭಾನುವಾರ ಅವರೇ ಬಾಗಿಲು ತೆಗೆದರು. ಮೊರಿಟಾ, ಪ್ರತೀಕ್, ಶೈಲಜಾ, ನಾನು. ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ.

ಸೋತರು. ಒಂದೇ ಒಂದು ಗೋಲು, ಅದೂ ಕಾರ್ನರಿನಿಂದ ಬಂದ ಚೆಂಡಿಗೆ ಎದುರಾಳಿ ತಲೆ ಕೊಟ್ಟದ್ದು. ಆ ಜಾಗದಲ್ಲಿ ನೆಗೆಯಬೇಕಾಗಿದ್ದವನು ನಮ್ಮ ಪಕ್ಕದಲ್ಲಿ ಕುರ್ಚಿ ಹಿಡಿದು ನಿಂತಿದ್ದ. ವಿಷಲ್ ಊದಿದಾಗ ಮೈದಾನದಲ್ಲಿದ್ದ ಹುಡುಗರು ನಿಂತ ನಿಂತಲ್ಲೇ ಕುಸಿದರು. ಇಡೀ ಸ್ಟೇಡಿಯಂ ಗಪ್‌ಚಿಪ್. ಇನ್ನು ಬಾಟಲಿ ತೂರುತ್ತಾರೆ, ಬೈಗುಳ ಶುರುವಾಗುತ್ತದೆ ಅಂತ ನಾನು ಮೈ ಬಿಗಿ ಹಿಡಿದು ಕೂತೆ.

ಒಂದು ಡ್ರಮ್ಮು ಶುರುವಾಯಿತು. ಗೋಲಿನ ಹಿಂದೆ ನಿಂತಿದ್ದ ಜನ ಆಟಗಾರರ ಹಾಡುಗಳನ್ನು ಒಂದೊಂದಾಗಿ ಹಾಡತೊಡಗಿದರು. ಗೋಲು ಬಿಟ್ಟ ಗೋಲ್‌ಕೀಪರನದು ಮೊದಲು. ಆಮೇಲೆ ಡಿಫೆಂಡರುಗಳು, ಮಿಡ್‌ಫೀಲ್ಡರುಗಳು, ಬೆಂಚಿನಲ್ಲಿದ್ದವರು. ಅಳುತ್ತ ಹಾಡುತ್ತಿದ್ದರು, ಆದರೆ ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ಪ್ರತೀಕ್ ತಟ್ಟನೆ ತಲೆಯೆತ್ತಿದ. "ದಟ್ಸ್ ಮೈನ್" ಅಂದ. ಬೇಸಿಗೆಯಿಂದ ಮೈದಾನಕ್ಕೇ ಇಳಿಯದ, ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಹುಡುಗನ ಹಾಡು ಅದು. ಯಾ ಅಲ್ಲಾ! ಕ್ಲಬ್ಬು ಬಿದ್ದ ದಿನ ಇದೆಂಥ ಜನ! ಗೆದ್ದವರನ್ನು ಹೊಗಳುವ ಊರುಗಳನ್ನು ಬೇಕಾದಷ್ಟು ಕಂಡಿದ್ದೆ, ಇಂಥದ್ದನ್ನು ಕಂಡಿರಲಿಲ್ಲ. ಮೊರಿಟಾ ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅವರ ಭುಜ ಅಲುಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪ್ರತೀಕ್ ಗೋಡೆಯ ಹತ್ತಿರ ಹೋದ. ಎಡಗಾಲ ಮೇಲೆ ನಿಂತ. ಹಿಮ್ಮಡಿ ನಡುಗಿತು, ನಡುಗಿ ಮೇಲಕ್ಕೆ ಬಂತು. ಒಂದು ಬೆರಳಿನಷ್ಟು ಮಾತ್ರ. ನಾನು ಚಪ್ಪಾಳೆ ತಟ್ಟಲಿಲ್ಲ, "ಇನ್ನೊಂದು" ಅಂದೆ.

ಡಿಸೆಂಬರ್ ಅಂದರೆ ಜಪಾನಿನ ಕ್ಲಬ್ಬುಗಳಲ್ಲಿ ಎದೆ ಡವಗುಟ್ಟುವ ತಿಂಗಳು. ಯಾರ ಕಾಂಟ್ರ್ಯಾಕ್ಟು ಮುಗಿಯಿತು, ಯಾರದ್ದು ಮುಂದುವರಿಯಿತು ಅಂತ ಒಂದೊಂದೇ ಹೆಸರು ವೆಬ್‌ಸೈಟಿಗೆ ಬರುತ್ತದೆ. ಹೋಗುವವರು ಊರಿನವರಿಗೆ ಒಂದು ಬೀಳ್ಕೊಡುಗೆ ಮಾತೂ ಬರೆಯುತ್ತಾರೆ. ದಿನಾ ಒಬ್ಬರೋ ಇಬ್ಬರೋ ಹೊರಡುತ್ತಿದ್ದರು. ದಿನಾ ಬೆಳಿಗ್ಗೆ ನಾನು ಕಾರು ಸ್ಟಾರ್ಟ್ ಮಾಡುವ ಮೊದಲೇ ಶೈಲಜಾ ಫೋನ್. "ಇವತ್ತು ಗೋಲ್‌ಕೀಪರ್ ಹೋದ, ನಸೀಮಾ." "ಇವತ್ತು ಕ್ಯಾಪ್ಟನ್." ಹೋಗುವವರು ಬರೆದದ್ದನ್ನು ನನಗೆ ಓದಿ ಹೇಳಿ ಮೂಗೊರೆಸಿಕೊಳ್ಳುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಅಲ್ಲ ಶೈಲಜಾ, ಅವನ ಹೆಸರು ಹೋಗೋರಲ್ಲಿ ಬರಲಿ ಅಂತ ತಾನೇ ನಿಮ್ಮ ಆಸೆ? ಲಾ ಸ್ಕೂಲಿಗೆ ಕಳಿಸಬೇಕು ಅಂದಿದ್ರಿ?"

"ಅಂದಿದ್ದೆ ಕಣ್ರೀ. ಈಗ ಬೆಳಿಗ್ಗೆ ಎದ್ದರೆ ಸಾಕು, ಅವನ ಹೆಸರು ಅಲ್ಲಿ ಕಾಣದೇ ಇರಲಪ್ಪಾ ಅಂತ ಕಣ್ಣು ಮುಚ್ಚಿಕೊಂಡು ಆ ಪೇಜು ತೆಗೀತೀನಿ. ನನಗೇನಾಗಿದೆಯೋ ನನಗೇ ಗೊತ್ತಿಲ್ಲ" ಅಂದರು.

ಮುಂದುವರಿಯುವವರ ಹೆಸರು ಶುರುವಾದ ಮೇಲೂ ಇವನದು ಬರಲಿಲ್ಲ. ಪ್ರತೀಕ್ ಹೊರಗೆ ಏನೂ ತೋರಿಸಿಕೊಳ್ಳುತ್ತಿರಲಿಲ್ಲ, ಆದರೆ ಊಟ ಬಿಟ್ಟಿದ್ದ. ಕ್ರಿಸ್‌ಮಸ್ ಹತ್ತಿರದ ಒಂದು ಬೆಳಿಗ್ಗೆ ಮೊರಿಟಾ ನನ್ನ ರೂಮಿನ ಬಾಗಿಲು ತಟ್ಟಿದರು. ಕ್ಲಬ್ಬಿನ ಅಧ್ಯಕ್ಷರು ಫೋನಿನಲ್ಲಿದ್ದರು, ಪ್ರತೀಕ್ ಪಕ್ಕದಲ್ಲೇ ನಿಂತಿದ್ದ. ಅವನ ಒಪ್ಪಿಗೆ ಕೇಳಿಕೊಂಡು ನಾನು ಹಿಮ್ಮಡಿ ಎಷ್ಟು ಏಳುತ್ತಿದೆ ಅಂತ ಹೇಳಿದೆ. ಮೇ ತಿಂಗಳ ಒಳಗೆ ಆಡಿಸಬೇಡಿ ಅಂದೆ. ಆ ಕಡೆಯಿಂದ ಬಂದ ಮಾತನ್ನು ಮೊರಿಟಾ ಅನುವಾದಿಸಿದರು: "ಕಾಯ್ತೀವಿ ಅಂತ ಊರಿಗೆ ಹೇಳಿಯಾಗಿದೆ. ಎಷ್ಟು ತಿಂಗಳು ಅಂತ ನಾವೇ ಬರೆದಿದ್ದೆವಲ್ಲ, ಅಂತಾರೆ."

ನನಗೆ ಆಗ ತಲೆಗೆ ಹೊಳೆಯಿತು. ಅವರ ಕಣ್ಣಿನಲ್ಲಿ ಆ ಪ್ರಕಟಣೆ ಬರೀ ಗಾಯದ ಸುದ್ದಿಯಾಗಿರಲಿಲ್ಲ. ಇಷ್ಟು ತಿಂಗಳು ಅಂತ ಹೇಳಿದರೆ ಅಷ್ಟು ತಿಂಗಳು ಕಾಯಬೇಕು. ಹೊಸ ಕಾಂಟ್ರ್ಯಾಕ್ಟಿನಲ್ಲಿ ಸಂಬಳ ಕಡಿಮೆ, ಮಧ್ಯಾಹ್ನ ಊರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವ ಕೆಲಸ, ಲೀಗು ನಾಲ್ಕನೆಯದು. ಪ್ರತೀಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೂಂ ಅಂದ. ಶೈಲಜಾ ಅವರಿಗೆ ಫೋನ್ ಮಾಡಿದೆವು. "ಗೊತ್ತು ಬಿಡಿ, ಈಗಷ್ಟೇ ವೆಬ್‌ಸೈಟಿಗೆ ಬಂತು" ಅಂದರು! ಆಮೇಲೆ ಮಗ ತಾಯಿ ಇಬ್ಬರೂ ಫೋನಿನಲ್ಲಿ ಎಷ್ಟು ಹೊತ್ತು ಅತ್ತರೋ. ನಾನು ಮುಂದಿನ ಪೇಷೆಂಟಿನ ಕುತ್ತಿಗೆ ನೋಡಲು ಹೋದೆ.

ಅವನೇ ನನ್ನ ಕೊನೆಯ ದೊಡ್ಡ ಕೇಸು. ಅವನು ಜಪಾನಿಗೆ ಮರಳಿದ ಮೇಲೆ, ವಸಂತದಲ್ಲಿ ನಾನು ರಿಟೈರ್ ಆದೆ. ಮೊರಿಟಾ ಕೇಕ್ ತರಿಸಿದರು, ಭಾಷಣ ಮಾಡಲಿಲ್ಲ, ಅವರ ಪುಣ್ಯ. ಈಗಿನ ಮಕ್ಕಳಿಗೆ ನನ್ನದು ಒಂದೇ ಮಾತು. ಪೇಷೆಂಟಿನ ಗುಟ್ಟು ಕಾಪಾಡಿ, ಕಾನೂನು ಕಾನೂನೇ. ಆದರೆ ಕಾಲಿನ ಹಿಂದೆ ಯಾರ್‍ಯಾರು ಕಾಯುತ್ತಿದ್ದಾರೆ ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ನಾನು ಕಾಲನ್ನು ಗುಣಪಡಿಸಿದೆ ಅಂತ ಜನ ಅನ್ನುತ್ತಾರೆ. ಅರ್ಧ ಕೆಲಸ ಆ ಡ್ರಮ್ಮಿನವರದ್ದು.

ಮೇ ಕೊನೆಯ ವಾರ ಶೈಲಜಾ ನನ್ನನ್ನು ವೆಸ್ಟ್ ಬ್ಲೂಮ್‌ಫೀಲ್ಡಿಗೆ ಕರೆಸಿಕೊಂಡರು. ಪ್ರತೀಕ್ ಬೆಂಚಿನಲ್ಲಿ ಇರುತ್ತಾನೆ ಅಂತ ಸುದ್ದಿ. ಬೆಳಿಗ್ಗೆ ಕಾಫಿ ಹಿಡಿದು, ಮೊರಿಟಾ ಅವರ ನೇಮದಂತೆ ರೆಕಾರ್ಡಿಂಗ್ ಹಾಕಿಕೊಂಡು ಟೀವಿ ಮುಂದೆ ಕೂತೆವು: ಶೈಲಜಾ, ನಾನು, ಬಸವರಾಜ್. ನಾಲ್ಕನೇ ದರ್ಜೆಯ ಪಂದ್ಯ; ಒಂದೇ ಕ್ಯಾಮೆರಾ, ಹಿನ್ನೆಲೆಯಲ್ಲಿ ಬೆಟ್ಟ, ಆ ಪುಟ್ಟ ಮೈದಾನದ ಒಂದು ಬದಿ ಮಾತ್ರ ಜನ. ಆದರೂ ಡ್ರಮ್ಮು ಇತ್ತು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಪ್ರತೀಕ್ ಒಳಗೆ ಬಂದ. ಎದುರಾಳಿ ಎತ್ತರಕ್ಕೆ ಹೊಡೆದ ಚೆಂಡಿಗೆ ನೆಗೆದ. ನಾನು ಚೆಂಡು ನೋಡಲಿಲ್ಲ, ಎಡಗಾಲು ನೋಡುತ್ತಿದ್ದೆ. ಆ ಕಾಲಿನ ಮೇಲೇ ಇಳಿದ. ಇಳಿದವನು ಓಡಿದ. "ಕಾಲು ತಡೀತು!" ಅಂತ ನಾನು ಕೂಗಿದ್ದಕ್ಕೆ ಬಸವರಾಜ್ ಅವರ ಕಾಫಿ ಚೆಲ್ಲಿತು.

ಪಂದ್ಯ ಸಮವಾಯಿತು. ಅಲ್ಲಿ ಒಂದು ಪದ್ಧತಿ: ಗೆಲ್ಲಲಿ ಸೋಲಲಿ, ಆಟಗಾರರೆಲ್ಲ ಜನರ ಮುಂದೆ ಸಾಲಾಗಿ ಬಂದು ನಿಂತು ಸೊಂಟ ಬಗ್ಗಿಸಿ ವಂದಿಸುತ್ತಾರೆ. ಹುಡುಗರು ಬಂದು ನಿಂತರು. ಕ್ಯಾಮೆರಾ ಜನರ ಕಡೆ ಇತ್ತು. ಮುದುಕರು, ಹೆಂಗಸರು, ಕಂಕುಳಲ್ಲಿ ಮಗು ಎತ್ತಿಕೊಂಡವರು ಎಲ್ಲ ಎದ್ದು ನಿಂತಿದ್ದರು. ಪ್ರತೀಕ್ ಬಗ್ಗಿದ. ಬಗ್ಗಿದವನ ತಲೆ ಎಷ್ಟು ಹೊತ್ತಾದರೂ ಏಳಲಿಲ್ಲ. ಆ ಜನರೂ ತಲೆ ಬಗ್ಗಿಸಿದರು.

ನನ್ನ ಪಕ್ಕ ಸೋಫಾ ಕಿರುಗುಟ್ಟಿತು. ಶೈಲಜಾ ಎದ್ದು ನಿಂತಿದ್ದರು. ಕೈ ಜೋಡಿಸಿದ್ದರು, ತಲೆ ತಗ್ಗಿಸಿದ್ದರು.

ಬಸವರಾಜ್ ಗಾಬರಿಯಾದರು. "ಏ, ಏನ್ ಮಾಡಾಕತ್ತೀ? ತಾಯಿ ಆಗಿ ಮಗಗ ಕೈ ಮುಗೀತಾರೇನು? ಅವಗ ಒಳ್ಳೇದಲ್ಲ, ಇಳಸು ಕೈ."

ಶೈಲಜಾ ತಲೆಯೆತ್ತಲಿಲ್ಲ. "ಸುಮ್ನಿರಿ" ಅಂದರು. "ಮಗನಿಗಲ್ಲ. ಅವನ ಮುಂದೆ ನಿಂತಿದಾರಲ್ಲ, ಅವರಿಗೆ."